ಜಂಗಮವಾಣಿಯ ಪರಿಚಯವೂ ಸದಾಚಾರವೂ

ಕೈಯಲ್ಲಿ ಹಿಡಿದು ತಿರುಗಾಡುವ ದೂರವಾಣಿಗೆ ಕನ್ನಡದಲ್ಲಿ ಹೆಸರನ್ನು ಹುಡುಕಿದವರು ಅದನ್ನು ‘ಜಂಗಮವಾಣಿ’ ಎಂದು ಕರೆದರು. ಚಲಿಸುವುದು ಜಂಗಮ, ನಿಂತಿರುವುದು ಸ್ಥಾವರ ಎಂಬ ಶಬ್ದಾರ್ಥವನ್ನು ನೋಡಿದರೆ ಹೆಸರು ಸಾಧುವಾದುದೇ. ಆದರೆ ವೀರಶೈವ ಶಾಸ್ತ್ರದಲ್ಲಿ ಜಂಗಮವೆಂದರೆ ಬರಿಯ ಸಂಚಾರವಲ್ಲ. ಅರಿವನ್ನೂ ಆಚಾರವನ್ನೂ ಹೊತ್ತು ಸಂಚರಿಸುವುದು. ಅಷ್ಟಾವರಣಗಳಲ್ಲಿ ಗುರು ಲಿಂಗಗಳ ಪಂಕ್ತಿಯಲ್ಲಿ ಜಂಗಮಕ್ಕೆ ಸ್ಥಾನವು ದೊರೆತುದು ಈ ಕಾರಣದಿಂದ. ಭಿಕ್ಷೆಗೆ ಬರುವ ಜಂಗಮಮೂರ್ತಿಯು ಕಾಲಿಗೆ ಕಟ್ಟಿದ ಜಂಗಿನ ನಾದದಿಂದ ತನ್ನ ಬರವನ್ನು ಓಣಿಗೆಲ್ಲ ತಿಳಿಸುತ್ತ, ಹಗಲಿನಲ್ಲಿ, ತಲೆಬಾಗಿಲಿನ ಎದುರಿಗೆ ಬಂದು ನಿಲ್ಲುವನು. ಜಂಗಮವಾಣಿಯಾದರೋ ಸದ್ದಿಲ್ಲದೆ ರಾತ್ರಿಯಲ್ಲಿ ಹೊದಿಕೆಯ ಒಳಗೆ ಬರುವುದು. ಮನೆಯ ಯಜಮಾನನಿಗೆ ತಿಳಿಯದಂತೆ ಅದರ ಮೂಲಕ ಎಷ್ಟು ಜನ ಅತಿಥಿಗಳು ಮನೆಯನ್ನು ಹೊಕ್ಕು ಹೋದರೆಂಬುದಕ್ಕೆ ಲೆಕ್ಕವಿಲ್ಲ. ಇಷ್ಟಲಿಂಗವನ್ನು ಇರಿಸಿ ಅನಿಮಿಷದೃಷ್ಟಿಯಿಂದ ನೋಡಬೇಕಾದ ಎಡಗೈಯ ಕರಸ್ಥಲದಲ್ಲಿಯೇ ಈಗ ಈ ಯಂತ್ರವು ಕುಳಿತಿದೆ; ಅನಿಮಿಷದೃಷ್ಟಿಗೆ ಮಾತ್ರ ಕೊರತೆಯಿಲ್ಲ!

ಈ ಪಾಠದಲ್ಲಿ ವಿಚಾರಿಸಬೇಕಾದುದು ಆ ಅತಿಥಿಗಳ ವಿಷಯವನ್ನೇ. ೨೦೧೬ನೆಯ ವರ್ಷದ ನಂತರ ಅಂತರ್ಜಾಲದ ಬೆಲೆಯು ಇಳಿದು, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಂತಹ ಊರುಗಳಲ್ಲಿಯೂ ಹೊಲದ ಬದುವಿನ ಮೇಲೆ ಕುಳಿತ ಹುಡುಗನ ಕೈಗೆ ಅದು ಬಂದಿತು. ಅದರೊಡನೆ ‘ಡೇಟಿಂಗ್ ಆ್ಯಪು’ಗಳೆಂಬ ಸಾಧನಗಳೂ ಬಂದವು. ತನ್ನದೊಂದು ಚಿತ್ರ, ಹೆಸರು, ವಯಸ್ಸುಗಳನ್ನು ಹಾಕಿದರೆ ಸಮೀಪದಲ್ಲಿರುವ ಅಪರಿಚಿತ ಸ್ತ್ರೀಪುರುಷರ ಚಿತ್ರಗಳನ್ನು ಅದು ಒಂದಾದ ಮೇಲೊಂದರಂತೆ ತೋರಿಸುವುದು. ಇಬ್ಬರಿಗೂ ಒಪ್ಪಿಗೆಯಾದರೆ ಮಾತು ಆರಂಭವಾಗುವುದು. ವಧೂವರರನ್ನು ಹುಡುಕುವ ಜಾಲತಾಣಗಳು ಬೇರೆ. ಅಲ್ಲಿ ವಿವಾಹವೆಂಬ ಉದ್ದೇಶವಾದರೂ ಪ್ರಕಟವಾಗಿದೆ. ಇಲ್ಲಿ ಅನೇಕರು ಬರುವುದು ಯಾವ ಕಟ್ಟೂ ಇಲ್ಲದ, ನಾಲ್ಕು ದಿನದ ಸಂಗಕ್ಕೆ.

‘ಕಾಲ ಕೆಟ್ಟಿತು’ ಎಂದು ಹೇಳಿ ಎದ್ದುಹೋಗುವುದು ಸುಲಭ. ಈ ಸೀಮೆಯ ತರುಣರ ಸ್ಥಿತಿಯನ್ನು ನೋಡಿ ಅನಂತರ ಮಾತನಾಡುವುದು ಉಚಿತ. ವಾಡಿಯು ದೊಡ್ಡ ರೈಲು ಜಂಕ್ಷನ್ನು. ಅಲ್ಲಿಂದ ಚಿತ್ತಾಪುರ, ಮಳಖೇಡ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ಹೋಗುವ ಹಳಿಗಳ ಇಕ್ಕೆಲದಲ್ಲಿಯೂ ಸುಣ್ಣದ ಕಲ್ಲಿನ ನೆಲ. ಅದನ್ನೇ ನಂಬಿ ಸಿಮೆಂಟು ಕಾರ್ಖಾನೆಗಳು ಎದ್ದವು. ಶಹಾಬಾದದ ಫರಸಿಯು ನಾಡಿನ ಮನೆಮನೆಯ ನೆಲವಾಯಿತು. ಪರಸ್ಥಳದಿಂದ ದುಡಿಯಲು ಬಂದ ಒಂಟಿ ಗಂಡಸರು ಬಾಡಿಗೆಯ ಕೋಣೆಗಳಲ್ಲಿ ಇರುವರು. ಅತ್ತ ಚಿಂಚೋಳಿಯ ತಾಂಡಾಗಳಿಂದಲೂ ಹಳ್ಳಿಗಳಿಂದಲೂ ಸುಗ್ಗಿ ಮುಗಿದೊಡನೆ ಜನರು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೊರಡುವರು; ಗಂಡನೊಂದೂರು, ಹೆಂಡತಿಯೊಂದೂರು. ನಾಲ್ಕೆಕರೆ ತೊಗರಿಯ ಹೊಲವುಳ್ಳ ಒಕ್ಕಲುಮಗನಿಗೆ ಹೆಣ್ಣು ಕೊಡುವವರು ವಿರಳವಾಗಿದ್ದಾರೆ; ಹೆಣ್ಣಿನ ತಂದೆಯು ಸಂಬಳದ ಅಳಿಯನನ್ನು ಹುಡುಕುವನು. ಇದು ಕಲಬುರಗಿ ಸೀಮೆಯೊಂದರ ಕಥೆಯೂ ಅಲ್ಲ. ೨೦೨೩ರ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ಅವಿವಾಹಿತ ತರುಣರು ಕನ್ಯಾರ್ಥಿಗಳಾಗಿ ಮಲೆಯ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟುದನ್ನು ನಾಡೆಲ್ಲ ಕಂಡಿದೆ. ಕಂಡು ನಕ್ಕವರೇ ಹೆಚ್ಚು. ಮೂವತ್ತೈದು ವರ್ಷವಾದರೂ ಯಾರೂ ಬಾಗಿಲು ತೆರೆಯದಿದ್ದಾಗ ತರುಣನು ಕೈಯಲ್ಲಿರುವ ಕಿಂಡಿಯನ್ನು ತೆರೆದುದರಲ್ಲಿ ಆಶ್ಚರ್ಯವೇನಿದೆ? ಏಕಾಂತದ ಬೇಗೆಯು ಪಾಪವಲ್ಲ. ಅದನ್ನು ಕಳೆಯುವ ಮಾರ್ಗವು ಯಾವುದೆಂಬುದರಲ್ಲಿ ಸದಾಚಾರ ದುರಾಚಾರಗಳ ವಿಚಾರವು ಬರುವುದು.

ಮೊದಲು ಆ ಕಿಂಡಿಯ ಸ್ವರೂಪವನ್ನು ತಿಳಿಯಬೇಕು. ಬೆಂಗಳೂರಿನಂತಹ ಮಹಾನಗರದಲ್ಲಿ ಒಬ್ಬಳು ತನ್ನ ಚಿತ್ರವನ್ನು ಹಾಕಿದರೆ ನೋಡಿದವರು ಅವಳ ಓಣಿಯವರಾಗಿರುವ ಸಂಭವವು ಕಡಮೆ. ಚಿತ್ತಾಪುರದಲ್ಲಿ ಹಾಗಲ್ಲ. ತಂದೆಯ ಅಂಗಡಿಯ ಮಗ್ಗುಲಿನವನು, ಅಣ್ಣನ ಗೆಳೆಯನು, ಕಾಲೇಜಿನ ಸಿಪಾಯಿಯು, ಎಲ್ಲರೂ ಅದೇ ವರ್ತುಲದೊಳಗೆ ಇರುವರು. ಆದುದರಿಂದ ಇಂತಹ ಊರಿನ ಮರ್ಯಾದಸ್ಥ ಹೆಣ್ಣುಮಗಳು ತನ್ನ ನಿಜವಾದ ಹೆಸರನ್ನೂ ಮುಖವನ್ನೂ ಅಲ್ಲಿ ಇಡಲು ಅಂಜುವಳು. ನಿಜವಾದವರು ಹಿಂದೆ ಸರಿದ ಕಣದಲ್ಲಿ ಸುಳ್ಳಿನವರು ನಿಲ್ಲುವರು. ಯಾರದೋ ಚಿತ್ರವನ್ನು ಕದ್ದು, ಯಾವುದೋ ದೂರದ ರಾಜ್ಯದಲ್ಲಿ ಕುಳಿತ ಗಂಡಸು ‘ಸೇಡಂ, ಇಪ್ಪತ್ತಮೂರು ವಯಸ್ಸು’ ಎಂದು ಬರೆಯಲು ಅಡ್ಡಿಯಿಲ್ಲ. ‘ನಿಮ್ಮ ವಾಡಿಯಲ್ಲಿಯೇ ಸಂಗಾತಿಗಳು ಕಾದಿದ್ದಾರೆ’ ಎಂಬ ಜಾಹೀರಾತಿನಲ್ಲಿ ಊರ ಹೆಸರನ್ನು ಕಂಡು ಮರುಳಾಗುವವರಿದ್ದಾರೆ. ಆ ಹೆಸರನ್ನು ಅಲ್ಲಿ ಬರೆದವನು ಮನುಷ್ಯನಲ್ಲ. ಫೋನು ಇರುವ ಸ್ಥಳವನ್ನು ತಿಳಿದು ಯಂತ್ರವು ತುಂಬುವ ಹೆಸರದು. ಅದೇ ಫೋನನ್ನು ಶಹಾಬಾದಕ್ಕೆ ಒಯ್ದರೆ ಅದೇ ಸಂಗಾತಿಗಳು ಶಹಾಬಾದದಲ್ಲಿ ಕಾದಿರುವರು.

ಇದನ್ನು ಅನುಭವಮಂಟಪದ ಪರಿಚಯಕ್ರಮದೊಡನೆ ಹೋಲಿಸಿ ನೋಡಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಬಂದವರು ಪರಸ್ಪರ ಅಪರಿಚಿತರೇ. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಬಂದರೆಂದು ಪರಂಪರೆಯು ಹೇಳುವುದು. ಬಂದವರು ಹೇಗೆ ಪರಿಚಿತರಾದರು? ಅವರ ಹೆಸರುಗಳನ್ನೇ ನೋಡಿದರೆ ಸಾಕು: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ಆಯ್ದಕ್ಕಿ ಮಾರಯ್ಯ, ಸೂಳೆ ಸಂಕವ್ವೆ. ಹೆಸರಿನ ಮುಂದೆಯೇ ಕಾಯಕವು ನಿಂತಿದೆ. ತಾನು ಯಾರು, ಏನು ಮಾಡಿ ಉಣ್ಣುವೆನು ಎಂಬುದನ್ನು ಹೆಸರಿನೊಡನೆ ಎದುರಿಗಿಟ್ಟು ಮಾತಿಗೆ ಕುಳಿತವರು ಅವರು. ಅವರಲ್ಲಿ ಒಬ್ಬಳು ತನ್ನ ಪೂರ್ವವೃತ್ತಿಯನ್ನು ಸಹ ಮುಚ್ಚಲಿಲ್ಲವೆಂಬುದು ಮನನಯೋಗ್ಯವಾಗಿದೆ. ಕಾಯಕವನ್ನು ಮುಚ್ಚಿ ಮುಖವನ್ನು ಮಾತ್ರ ತೋರಿಸುವ, ಕೆಲವೊಮ್ಮೆ ಮುಖವನ್ನೂ ಬದಲಿಸಿ ತೋರಿಸುವ ಪರಿಚಯಕ್ಕೆ ಶರಣರ ಭಾಷೆಯಲ್ಲಿ ಸಂಗವೆಂಬ ಹೆಸರು ಸಲ್ಲದು. ಅಪರಿಚಿತರೊಡನೆ ಪರಿಚಯವೇ ಕೂಡದೆಂದು ಇದರ ಅರ್ಥವಲ್ಲ. ಹೆಸರು, ಊರು, ಉದ್ಯೋಗ, ವಿವಾಹವಾಗಿದೆಯೋ ಇಲ್ಲವೋ, ಈ ನಾಲ್ಕನ್ನು ತಾನು ಮೊದಲು ನಿಜವಾಗಿ ಹೇಳಿ ಅನಂತರ ಎದುರಿನವರಿಂದ ಕೇಳಬೇಕು. ಊರಿನಲ್ಲಿ ಹೆಂಡತಿಯನ್ನು ಬಿಟ್ಟು ಬಂದು ಕೋಣೆಯಲ್ಲಿ ಕುಳಿತು ‘ಅವಿವಾಹಿತ’ನೆಂದು ಬರೆಯುವವನು ಕೊರಳಲ್ಲಿ ಲಿಂಗವಿದ್ದರೂ ಸದಾಚಾರದ ಹೊರಗೇ ನಿಂತಿದ್ದಾನೆ.

ಪರಸ್ಥಳದವನು ಊರ ಹೆಣ್ಣನ್ನು ಮೆಚ್ಚುವುದು ಶರಣಚರಿತ್ರೆಗೆ ಹೊಸದಲ್ಲ. ರಾಘವಾಂಕನ ಸೋಮನಾಥಚರಿತೆಯ ನಾಯಕನಾದ ಆದಯ್ಯನು ಸೌರಾಷ್ಟ್ರದ ವ್ಯಾಪಾರಿ. ವ್ಯಾಪಾರಕ್ಕೆಂದು ಪುಲಿಗೆರೆಗೆ, ಎಂದರೆ ಈಗಿನ ಲಕ್ಷ್ಮೇಶ್ವರಕ್ಕೆ ಬಂದವನು ಅಲ್ಲಿ ಪದ್ಮಾವತಿಯೆಂಬ ಜೈನ ಕನ್ಯೆಯನ್ನು ಕಂಡು ಮೋಹಗೊಂಡನು. ಕವಿಯು ಆ ಮೋಹವನ್ನು ಮುಚ್ಚಿಡಲಿಲ್ಲ. ಭಕ್ತನಿಗೆ ಅದು ಕುಂದೆಂದೂ ಭಾವಿಸಲಿಲ್ಲ. ಆದಯ್ಯನು ಅವಳನ್ನು ವರಿಸಿ, ಅವಳ ತಂದೆಯ ಮನೆಯಲ್ಲಿಯೇ ನಿಂತು, ಮುಂದೆ ಆ ಮನೆಯವರೊಡನೆ ವಿರೋಧವು ಒದಗಿದಾಗಲೂ ಅವಳನ್ನು ಬಿಟ್ಟು ತನ್ನ ನಾಡಿಗೆ ಜಾರಿಕೊಳ್ಳಲಿಲ್ಲ. ಪದ್ಮಾವತಿಯೂ ಅವನ ಪಕ್ಷವನ್ನು ಬಿಡಲಿಲ್ಲ. ಮೋಹದಿಂದ ಆರಂಭವಾದುದು ನಿಷ್ಠೆಯಾಗಿ ಬೆಳೆಯಿತು. ಆರಂಭದ ಬಗೆಯಲ್ಲಿ ಆದಯ್ಯನಿಗೂ ಇಂದಿನ ತರುಣನಿಗೂ ಬಹಳ ಅಂತರವಿಲ್ಲ. ಅಂತರವಿರುವುದು ಮರುದಿನದಲ್ಲಿ. ಆದಯ್ಯನು ಮರುದಿನವೂ ಅದೇ ಬಾಗಿಲಿನಲ್ಲಿದ್ದನು. ಇಂದಿನವನು ಬೆರಳಿನ ಒಂದು ಒತ್ತಿನಿಂದ ಕಾಣೆಯಾಗಬಲ್ಲನು.

ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲವು ಈ ಪ್ರಶ್ನೆಯ ಮೇಲೆ ಬೀರುವಷ್ಟು ಬೆಳಕನ್ನು ಬೇರಾವ ನೀತಿಗ್ರಂಥವೂ ಬೀರಲಾರದು. ಪ್ರಸಾದಿಯು ಪದಾರ್ಥವನ್ನು ನೇರವಾಗಿ ಭೋಗಿಸುವುದಿಲ್ಲ. ಲಿಂಗಕ್ಕೆ ಅರ್ಪಿಸಿ, ಪ್ರಸಾದವನ್ನಾಗಿ ಮಾಡಿಕೊಂಡು ಸ್ವೀಕರಿಸುವನು. ಇದನ್ನು ಅನ್ನಕ್ಕೆ ಮಾತ್ರ ಹೇಳಿದುದೆಂದು ತಿಳಿಯುವವರು ಬಹಳ. ಕಣ್ಣಿಗೆ ರೂಪ, ಕಿವಿಗೆ ಶಬ್ದ, ತ್ವಕ್ಕಿಗೆ ಸ್ಪರ್ಶ, ಹೀಗೆ ಇಂದ್ರಿಯಗಳಿಗೆ ದೊರೆಯುವುದೆಲ್ಲವೂ ಪದಾರ್ಥವೇ. ಅವೆಲ್ಲವೂ ಅರ್ಪಿತವಾಗಿಯೇ ಒಳಗೆ ಬರಬೇಕು. ಶರಣರು ಸಂಸಾರವನ್ನು ತೊರೆಯಹೇಳದೆ ಸತಿಪತಿಗಳು ಕೂಡಿಯೇ ಭಕ್ತಿಮಾಡಲೆಂದು ಹೇಳಿದ ಧೈರ್ಯವು ಈ ತತ್ತ್ವದಿಂದ ಬಂದುದು. ಹಾಗಾದರೆ ಯಾವುದು ಅರ್ಪಿತವಾಗಲಾರದು? ಲಿಂಗದ ಎದುರಿಗೆ ತರಲು ನಾಚುವುದು. ಹೆಸರು ಹೇಳಿ ಇಡಲು ಬಾರದುದು. ಮುಚ್ಚಿ ತಿನ್ನುವ ಅನ್ನವು ಎಷ್ಟೇ ಮಧುರವಾಗಿದ್ದರೂ ಪ್ರಸಾದವಾಗದು. ಈ ಮಾತನ್ನು ತರುಣರಿಗೆ ಹೇಳುವಾಗ ಇನ್ನೊಂದನ್ನು ಸೇರಿಸಿ ಹೇಳಬೇಕು: ಎದುರಿನ ವ್ಯಕ್ತಿಯು ಪದಾರ್ಥವಲ್ಲ. ದೀಕ್ಷೆಯಿಂದ ಅಂಗವು ಲಿಂಗಸ್ಥಾನವಾಯಿತೆಂದು ನಂಬುವವನು ತನ್ನ ಅಂಗವೊಂದೇ ಹಾಗೆಂದು ನಂಬಿ, ಇನ್ನೊಬ್ಬರ ಅಂಗವನ್ನು ಸಂತೆಯ ಸರಕಿನಂತೆ ಬೆರಳಿನಿಂದ ಎಡಕ್ಕೂ ಬಲಕ್ಕೂ ಸರಿಸಿ ಆರಿಸುತ್ತ ಕೂಡುವುದು ಹೇಗೆ ಸಾಧ್ಯ?

ಸಮ್ಮತಿಯ ವಿಷಯದಲ್ಲಿ ಮಹಾದೇವಿಯಕ್ಕನ ಚರಿತ್ರೆಯನ್ನು ನೆನೆಯಬೇಕು. ಹರಿಹರನ ರಗಳೆಯಲ್ಲಿ ಅಕ್ಕನು ಕೌಶಿಕನಿಗೆ ಕೆಲವು ನಿಬಂಧನೆಗಳನ್ನು ಹಾಕಿಯೇ ಅವನ ಅರಮನೆಯನ್ನು ಹೊಕ್ಕಳು. ಅವನು ಅವುಗಳನ್ನು ಮೀರಿದಾಗ, ಉಟ್ಟುದನ್ನೂ ತೊಟ್ಟುದನ್ನೂ ಬಿಟ್ಟು ಹೊರಟಳು. ಒಮ್ಮೆ ಒಪ್ಪಿದವಳು ಎಂದೆಂದಿಗೂ ಒಪ್ಪಿದಂತೆಯೇ ಎಂದು ಕೌಶಿಕನು ತಿಳಿದುದು ಅವನ ಪತನಕ್ಕೆ ಕಾರಣ. ಇಂದು ಒಬ್ಬ ಹೆಣ್ಣುಮಗಳು ನಾಲ್ಕು ದಿನ ಮಾತನಾಡಿ ಐದನೆಯ ದಿನ ಬೇಡವೆಂದರೆ, ‘ಮಾತನಾಡಿದವಳಲ್ಲವೇ’ ಎಂದು ಬೆನ್ನಟ್ಟುವವರು ಕೌಶಿಕನ ವಂಶದವರೇ. ಅಂಥವರಿಗೆ ಅಕ್ಕನ ಜಯಂತಿಯಲ್ಲಿ ಹಾರ ಹಿಡಿದು ನಿಲ್ಲುವ ಅಧಿಕಾರವಿಲ್ಲ.

ಇನ್ನು ವಂಚನೆಯ ಭಾಗ. ಇದನ್ನು ವಿವರವಾಗಿ ಹೇಳದಿದ್ದರೆ ಈ ಪಾಠವು ನಿಷ್ಫಲ. ಒಬ್ಬ ತರುಣನಿದ್ದಾನೆಂದು ಇಟ್ಟುಕೊಳ್ಳೋಣ. ಸಿಮೆಂಟು ಕಾರ್ಖಾನೆಯಲ್ಲಿ ಗುತ್ತಿಗೆಯ ಕೆಲಸ, ತಂದೆ ಮಠದ ಭಕ್ತರು. ಸ್ನೇಹದ ಹೆಸರಿನಲ್ಲಿ ಒಬ್ಬಳು ಮಾತಿಗೆ ಬರುವಳು; ಎರಡು ದಿನದಲ್ಲಿ ಫೋನಿನಲ್ಲಿ ಮುಖ ತೋರಿಸಿ ಮಾತನಾಡೋಣವೆನ್ನುವಳು; ತಾನು ವಸ್ತ್ರವನ್ನು ಕಳೆದಂತೆ ತೋರಿಸಿ ಅವನಿಗೂ ಹಾಗೆ ಮಾಡಲು ಹೇಳುವಳು. ಅತ್ತ ಅದೆಲ್ಲವೂ ಮುದ್ರಿತವಾಗುತ್ತಿರುವುದು. ಅನೇಕ ಸಲ ಅತ್ತ ಹೆಣ್ಣೇ ಇರುವುದಿಲ್ಲ, ಹಿಂದೆ ಮುದ್ರಿಸಿಟ್ಟ ಚಿತ್ರವಷ್ಟೆ ಇರುವುದು. ಕ್ಷಣಾರ್ಧದಲ್ಲಿ ಅವನ ಬಂಧುಬಳಗದವರ ಹೆಸರಿನ ಪಟ್ಟಿಯೊಡನೆ ಬೆದರಿಕೆಯು ಬರುವುದು: ಹಣ ಕಳುಹಿಸು, ಇಲ್ಲವೇ ಎಲ್ಲರಿಗೂ ಕಳುಹಿಸುವೆವು. ಅವನು ಐದು ಸಾವಿರ ಕೊಡುವನು. ಮರುದಿನ ಇನ್ನೊಬ್ಬನು ತಾನು ಪೊಲೀಸು ಅಧಿಕಾರಿಯೆಂದು ಹೇಳಿ, ಚಿತ್ರವನ್ನು ಅಳಿಸಲು ಮತ್ತೆ ಹಣ ಕೇಳುವನು. ಇಬ್ಬರೂ ಒಂದೇ ತಂಡದವರು. ಕೊಟ್ಟ ಹಣವು ಬಾಯಿಯನ್ನು ಮುಚ್ಚುವುದಿಲ್ಲ. ಇವನಲ್ಲಿ ಇನ್ನೂ ಹಣವಿದೆಯೆಂಬುದನ್ನು ಅವರಿಗೆ ತಿಳಿಸುವುದು, ಅಷ್ಟೆ. ಹೆಣ್ಣುಮಕ್ಕಳಿಗೆ ಒದಗುವ ವಂಚನೆಯ ರೀತಿ ಬೇರೆ: ಮದುವೆಯ ಮಾತು, ನೌಕರಿಯ ಮಾತು, ವಿದೇಶದಿಂದ ಕಳುಹಿಸಿದ ಉಡುಗೊರೆಗೆ ಸುಂಕ ಕಟ್ಟುವ ಮಾತು.

ಇಂತಹ ಬೆದರಿಕೆಗೆ ಸಿಲುಕಿ ಪ್ರಾಣವನ್ನೇ ಕಳೆದುಕೊಂಡವರು ದೇಶದಲ್ಲಿ ಅನೇಕರಿದ್ದಾರೆ. ಮಗನು ಆ ರಾತ್ರಿ ಯಾರನ್ನು ಅಂಜಿದನು? ಠಕ್ಕನನ್ನೇ? ಠಕ್ಕನು ಅಪರಿಚಿತ, ಅವನೆದುರಿಗೆ ಮಾನದ ಪ್ರಶ್ನೆಯಿಲ್ಲ. ಅವನು ಅಂಜಿದುದು ನಡುಮನೆಯಲ್ಲಿ ಮಲಗಿದ್ದ ತಂದೆಯನ್ನು, ತಾಯಿಯನ್ನು, ಬೆಳಗಾದರೆ ಮುಖ ನೋಡಬೇಕಾದ ಓಣಿಯ ಹಿರಿಯರನ್ನು. ಠಕ್ಕನ ಬಂಡವಾಳವು ಆ ಚಿತ್ರವಲ್ಲ, ಈ ಅಂಜಿಕೆ. ಅದನ್ನು ಅವನ ಕೈಗೆ ಕೊಟ್ಟವರು ಮನೆಯವರು. ಇತರರನ್ನು ಹೇಸಿ ನೋಡಬಾರದೆಂಬುದನ್ನು ಬಸವಣ್ಣನವರು ಕಳವು ಕೊಲೆಗಳ ನಿಷೇಧದ ಸಾಲಿನಲ್ಲಿಯೇ ಇರಿಸಿದರು. ಪರರ ಮಕ್ಕಳು ಜಾರಿದ ಸುದ್ದಿಯನ್ನು ಊಟದ ಪಂಕ್ತಿಯಲ್ಲಿ ಚಪ್ಪರಿಸಿ ಹೇಳುವ ತಂದೆಯ ಮಾತನ್ನು ಅವನ ಮಗನೂ ಕೇಳುತ್ತಿರುವನು. ತಾನು ಜಾರಿದ ದಿನ ಈ ಮನೆಯಲ್ಲಿ ತನಗೆ ದೊರೆಯುವುದೇನೆಂಬುದನ್ನು ಅವನು ಅಂದೇ ತಿಳಿದುಕೊಳ್ಳುವನು.

ಮಗನು ಮುಚ್ಚಿಟ್ಟುದು ತಪ್ಪಾದರೆ, ಬಿಚ್ಚಿ ಹೇಳಲು ಬಾರದಂತೆ ಮನೆಯನ್ನು ಕಟ್ಟಿದುದು ಅದಕ್ಕಿಂತ ಹಿರಿದಾದ ತಪ್ಪು. ಪಂಚಾಚಾರಗಳಲ್ಲಿ ಗಣಾಚಾರವೆಂಬುದನ್ನು ಶಿವನಿಂದೆಯನ್ನು ಸಹಿಸದಿರುವುದೆಂದು ವಿವರಿಸುವುದು ರೂಢಿ. ಅದರ ಹೃದಯವು ಅನ್ಯಾಯವನ್ನು ಸಹಿಸದಿರುವುದರಲ್ಲಿದೆ. ಮನೆಯ ಮಗನನ್ನು ಹಿಡಿದು ಹಿಂಡುವವನನ್ನು ‘ಮಾನ ಹೋದೀತು’ ಎಂದು ಸುಮ್ಮನೆ ಬಿಡುವುದು ಗಣಾಚಾರಕ್ಕೆ ದ್ರೋಹ. ಅಂತಹ ಮನೆಯವರು ಬಿಟ್ಟ ಠಕ್ಕನು ಮುಂದಿನ ವಾರ ಇನ್ನೊಬ್ಬ ಭಕ್ತರ ಮನೆಗೆ ಹೋಗುವನು.

ರಾಜಶಾಸನವು ಈ ವಿಷಯದಲ್ಲಿ ವಂಚಿತನ ಪಕ್ಷದಲ್ಲಿದೆ. ೨೦೦೦ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ೬೬-ಡಿ ಪ್ರಕರಣದ ಮೇರೆಗೆ ಯಂತ್ರದ ಮೂಲಕ ಬೇರೊಬ್ಬರ ವೇಷದಿಂದ ವಂಚಿಸಿದವನಿಗೆ ಮೂರು ವರ್ಷದವರೆಗೆ ಕಾರಾಗೃಹ. ಸಮ್ಮತಿಯಿಲ್ಲದೆ ಗುಪ್ತಾಂಗಗಳ ಚಿತ್ರವನ್ನು ತೆಗೆದು ಹರಡಿದರೆ ೬೬-ಇ ಪ್ರಕರಣವು ಅಷ್ಟೇ ಶಿಕ್ಷೆಯನ್ನು ವಿಧಿಸುವುದು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೆದರಿಸಿ ಹಣ ಕಸಿಯುವುದಕ್ಕೆ ೩೦೮ನೆಯ ಪ್ರಕರಣವಿದೆ. ನೆರವೇರಿಸುವ ಮನಸ್ಸಿಲ್ಲದೆ ಮದುವೆಯ ವಚನವಿತ್ತು ಹೆಣ್ಣನ್ನು ಕೂಡುವವನಿಗೆ ೬೯ನೆಯ ಪ್ರಕರಣದಂತೆ ಹತ್ತು ವರ್ಷದವರೆಗೆ ಶಿಕ್ಷೆಯಿದೆ. ಹದಿನೆಂಟು ತುಂಬದವರೊಡನೆ ಇಂತಹ ಸಂಬಂಧವು ಅವರ ಒಪ್ಪಿಗೆಯಿದ್ದರೂ ೨೦೧೨ರ ಪೋಕ್ಸೊ ಅಧಿನಿಯಮದಂತೆ ಅಪರಾಧವೇ. ಗಂಡು ಗಂಡನ್ನೇ ಸಂಗಾತಿಯಾಗಿ ಅರಸುವವರನ್ನು ಕರೆದೊಯ್ದು ದೋಚುವ ತಂಡಗಳೂ ಉಂಟು. ಕಾನೂನಿನ ಭಯದಿಂದ ಅವರು ಬಾಯಿ ಬಿಡರೆಂಬುದು ದೋಚುವವರ ಧೈರ್ಯ. ಪ್ರಾಪ್ತವಯಸ್ಕರು ಪರಸ್ಪರ ಸಮ್ಮತಿಯಿಂದ ಏಕಾಂತದಲ್ಲಿ ನಡೆದುಕೊಂಡುದು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೮ರ ಸೆಪ್ಟೆಂಬರ್ ೬ರಂದೇ ತೀರ್ಪಿತ್ತಿದೆ. ದೋಚಿಸಿಕೊಂಡವನು ಠಾಣೆಗೆ ಹೋಗಲು ಅಂಜಬೇಕಾಗಿಲ್ಲ.

ಬಹಿರಂಗವೆಂಬುದರ ಬೆಲೆಯನ್ನು ತಿಳಿಯಬೇಕಾದರೆ ಚಿಂಚೋಳಿಯ ನೆರೆಯ ಬೀದರ ಜಿಲ್ಲೆಯಲ್ಲಿರುವ ಕಲ್ಯಾಣಕ್ಕೇ ಮತ್ತೆ ಹೋಗಬೇಕು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಮಧುವರಸರ ಮಗಳಿಗೂ ವಿವಾಹವಾಯಿತು. ಇಬ್ಬರು ತಂದೆಯರೂ ಬಲ್ಲಂತೆ, ಶರಣಗಣದ ಎದುರಿನಲ್ಲಿ, ಹಗಲಿನಲ್ಲಿ ನಡೆದ ವಿವಾಹವದು. ಅದಕ್ಕಾಗಿ ಆ ಇಬ್ಬರು ತಂದೆಯರು ಎಳೆಹೂಟೆಯ ಶಿಕ್ಷೆಯನ್ನು ಅನುಭವಿಸಿ ಪ್ರಾಣವನ್ನು ತೆತ್ತರು. ಮಕ್ಕಳ ಸಂಬಂಧಕ್ಕಾಗಿ ಪ್ರಾಣ ತೆತ್ತ ತಂದೆಯರ ಪರಂಪರೆಯವರೆಂದು ಹೇಳಿಕೊಳ್ಳುವ ಮನೆಗಳಲ್ಲಿ ಇಂದು ಮಗಳು ‘ಒಬ್ಬನನ್ನು ಮೆಚ್ಚಿದ್ದೇನೆ’ ಎಂದು ಬಾಯಿ ತೆರೆದರೆ ಕೇಳುವ ಮೊದಲ ಪ್ರಶ್ನೆ ಯಾವುದು? ಅವನ ಕಾಯಕವೇನು ಎಂದೇ? ಒಳಪಂಗಡವು ಯಾವುದು ಎಂದೇ? ಬಣಜಿಗ, ಪಂಚಮಸಾಲಿ, ಗಾಣಿಗ, ಸಾದರೆಂಬ ಭೇದವನ್ನು ಶಿವಾಚಾರವು ಒಪ್ಪುವುದಿಲ್ಲವೆಂದು ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಹೇಳುವವರು, ಮನೆಯಲ್ಲಿ ಅದನ್ನೇ ಕೇಳುವರು. ಆಗ ಮಗಳು ಎರಡನೆಯ ಸಲ ಬಾಯಿ ತೆರೆಯಳು, ಜಂಗಮವಾಣಿಯನ್ನು ತೆರೆಯುವಳು. ಇಬ್ಬರೂ ಪ್ರಾಪ್ತವಯಸ್ಕರಾಗಿ, ಹೆಣ್ಣಿಗೆ ಹದಿನೆಂಟು ಗಂಡಿಗೆ ಇಪ್ಪತ್ತೊಂದು ತುಂಬಿದ್ದು, ನಿಜವಾಗಿ ಒಬ್ಬರನ್ನೊಬ್ಬರು ಬಯಸಿದರೆ, ೧೯೫೪ರ ವಿಶೇಷ ವಿವಾಹ ಅಧಿನಿಯಮದಂತೆ ಮೂವತ್ತು ದಿನಗಳ ಪ್ರಕಟಣೆಯೊಡನೆ ಅವರು ಮದುವೆಯಾಗಬಲ್ಲರು. ಆ ಪ್ರಕಟಣೆಯ ಕಾಗದವನ್ನು ಕಚೇರಿಯ ಗೋಡೆಯ ಮೇಲೆ ತಂದೆಯು ಮೊದಲ ಸಲ ನೋಡುವಂತಾಗುವುದೋ, ತಂದೆಯೇ ಜೊತೆಗೆ ಹೋಗಿ ಅರ್ಜಿ ಕೊಡುವುದೋ, ಇದು ಮನೆಯ ಮೇಲಿದೆ.

ಪ್ರಾಯದ ಮಕ್ಕಳು ಇಂತಹ ಪರಿಚಯದವರನ್ನು ಕಾಣಲೇಬೇಕೆಂದು ನಿಶ್ಚಯಿಸಿದರೆ ಮೊದಲ ಭೇಟಿಯು ಹಗಲಿನಲ್ಲಿ, ನಾಲ್ಕು ಜನ ಓಡಾಡುವ ಸ್ಥಳದಲ್ಲಿ ಆಗಲಿ. ಎಲ್ಲಿಗೆ, ಯಾರನ್ನು ಕಾಣಲು ಹೋಗುವೆನೆಂಬುದು ಮನೆಯ ಒಬ್ಬರಿಗಾದರೂ, ಅಕ್ಕನಿಗೋ ಸೋದರಮಾವನಿಗೋ ತಿಳಿದಿರಲಿ. ಕಾಣುವ ಮೊದಲೇ ಹಣವನ್ನಾಗಲಿ ವಸ್ತ್ರವಿಲ್ಲದ ಚಿತ್ರವನ್ನಾಗಲಿ ಕೇಳಿದವರು ಸಂಗಾತಿಗಳಲ್ಲ. ಬೆದರಿಕೆಯು ಬಂದಾಗ ಹಣವನ್ನು ಕಳುಹಿಸಬಾರದು. ಮಾತುಕತೆಯನ್ನು ಅಳಿಸಬಾರದು, ಅದೇ ಸಾಕ್ಷ್ಯ. ಹಣವು ಹೋಗಿದ್ದರೆ ತಡಮಾಡದೆ ೧೯೩೦ ಸಂಖ್ಯೆಗೆ ಕರೆ ಮಾಡಬೇಕು. ಠಕ್ಕರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುವ ಮೊದಲು ತಡೆಹಿಡಿಯುವ ಸಂಭವವು ಆರಂಭದ ಗಳಿಗೆಗಳಲ್ಲಿಯೇ ಹೆಚ್ಚು. ಅನಂತರ ಸಮೀಪದ ಠಾಣೆಗೆ ಹೋಗಬೇಕು. ಕೃತ್ಯವು ಯಾವ ಊರಿನ ಗಡಿಯಲ್ಲಿ ನಡೆದುದೆಂಬ ಕಾರಣವನ್ನು ಹೇಳಿ ದೂರನ್ನು ತಿರಸ್ಕರಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೭೩ನೆಯ ಪ್ರಕರಣವು ಯಾವ ಠಾಣೆಯಲ್ಲಿಯಾದರೂ ದೂರು ಕೊಡಲು ಅವಕಾಶವನ್ನಿತ್ತಿದೆ. ಚಿಂಚೋಳಿಯವನಿಗೆ ವಾಡಿಯಲ್ಲಿ ಕೆಲಸವಿದ್ದರೆ ಅವನು ವಾಡಿಯ ಠಾಣೆಗೇ ಹೋಗಬಹುದು. ತಂದೆಯು ಆ ದಿನ ಲಿಂಗಪೂಜೆಯನ್ನು ಮುಗಿಸಿ, ಮಗನ ಹಿಂದೆಯಲ್ಲ, ಮಗ್ಗುಲಲ್ಲಿ ನಡೆದು ಹೋಗುವುದು ಒಳ್ಳೆಯದು.